ಆವಕ-ಜಾವಕ ಈಗ ಗಾಜಿನ ಪಾಟಿಯಲ್ಲಿ

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದುಬರುವ ಘಟಪ್ರಭೆ, ಗೋಕಾಕ ಪಟ್ಟಣ ಇನ್ನು ಸುಮಾರು ಆರು ಕಿಲೋಮೀಟರ್ ಇದೆ ಎನ್ನುವಾಗ ಕುದುರೆಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ಇಲ್ಲಿ ಬಂದು ನಿಂತವರ ಮಾತು ಪಕ್ಕದವರಿಗೂ ಕೇಳಿಸುವುದಿಲ್ಲ, ಅಷ್ಟು ಭೋರ್ಗರೆತ. ಈ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ದಂಡೆಯ ಮೇಲೆ ನೂಲಿನ ಗಿರಣಿಯೊಂದು ತಲೆಯೆತ್ತಿತು. ನದಿಗೆ ಅಡ್ಡಲಾಗಿ ಕಟ್ಟಿದ ತೂಗುಸೇತುವೆ ಆ ಕಾಲದ ಸಾಹಸಕ್ಕೆ ಇನ್ನೂ ಸಾಕ್ಷಿ ಹೇಳುತ್ತದೆ.

ಜಲಪಾತದ ಮುಂದೆ ಕೈ ಎತ್ತಿ ಚಿತ್ರ ತೆಗೆಯುವವರ ಗುಂಪು ಯಾವಾಗಲೂ ಇದ್ದದ್ದೇ. ಅವರ ನಡುವೆ ಒಮ್ಮೊಮ್ಮೆ ಯಾರಾದರೂ ಕಾಲೇಜು ಹುಡುಗರ ಕೈಯಲ್ಲಿ ಮೊಬೈಲಿಗಿಂತ ದೊಡ್ಡದಾದ, ಲ್ಯಾಪ್‌ಟಾಪಿಗಿಂತ ಚಿಕ್ಕದಾದ ಗಾಜಿನ ಹಲಗೆ ಕಾಣುತ್ತದೆ. ಅದು ಟ್ಯಾಬ್ಲೆಟ್, ಆಡುಮಾತಿನಲ್ಲಿ ‘ಟ್ಯಾಬ್’. ಈ ಸೀಮೆಯ ಹಿರಿಯರಿಗೆ ಅದನ್ನು ನೋಡಿದ ಕೂಡಲೇ ನೆನಪಾಗುವುದು ಪಾಟಿ. ಅದೇ ಅಗಲ, ಅದೇ ಚೌಕಟ್ಟು, ತೊಡೆಯ ಮೇಲಿಟ್ಟುಕೊಂಡು ಕೂರುವ ಅದೇ ಭಂಗಿ. ವ್ಯತ್ಯಾಸವೂ ಉಂಟು. ಕಲ್ಲಿನ ಪಾಟಿಯ ಮೇಲೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಗಾಜಿನ ಪಾಟಿಯ ಮೇಲೆ ಬರೆದದ್ದು ಉಳಿಯುತ್ತದೆ. ಉಳಿಯುವುದಷ್ಟೇ ಅಲ್ಲ, ಕ್ಷಣಾರ್ಧದಲ್ಲಿ ಬೆಂಗಳೂರಿಗೂ ದಿಲ್ಲಿಗೂ ಹೋಗಿ ಮುಟ್ಟುತ್ತದೆ.

ಕೈಯಲ್ಲಿ ಹಿಡಿಯುವ ಗಣಕದ ಕನಸು ಕನ್ನಡ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್ಕೋರ್ ಕಂಪನಿಯವರೊಂದಿಗೆ ಸೇರಿ ಈ ಶತಮಾನದ ಆರಂಭದಲ್ಲೇ ‘ಸಿಂಪ್ಯೂಟರ್’ ಎಂಬ ಸರಳ, ಅಗ್ಗದ ಸಾಧನವನ್ನು ರೂಪಿಸಿದ್ದರು. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುವ, ಭಾರತೀಯ ಭಾಷೆಗಳನ್ನು ತೋರಿಸಬಲ್ಲ ಯಂತ್ರವದು. ಆದರೆ ಅದು ಮನೆಮನೆಗೆ ಮುಟ್ಟಲಿಲ್ಲ. 2010ರಲ್ಲಿ ಅಮೆರಿಕದ ಆ್ಯಪಲ್ ಕಂಪನಿ ಐಪ್ಯಾಡ್ ತಂದ ಮೇಲೆ ಜಗತ್ತಿನ ಕಣ್ಣು ಈ ಕಡೆ ತಿರುಗಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅಗ್ಗದ ಟ್ಯಾಬನ್ನು ಬಿಡುಗಡೆ ಮಾಡಿತು. ಕೋವಿಡ್ ಕಾಲದಲ್ಲಿ, 2021ರ ಜೂನ್ ತಿಂಗಳಲ್ಲಿ, ಕರ್ನಾಟಕ ಸರ್ಕಾರ ತನ್ನ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಕೆಲಸಕ್ಕೆ ಚಾಲನೆ ನೀಡಿತು.

ಹೀಗೆ ಪಾಟಿಯೇನೋ ಕೈಗೆ ಬಂತು. ಅದರ ಮೇಲೆ ಬರೆಯುವವರು ಯಾರು ಎಂಬುದೇ ಈಗಿನ ಪ್ರಶ್ನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ನೆರೆಹೊರೆಯ ತಾಲ್ಲೂಕುಗಳಲ್ಲಿ ಸುತ್ತಿಬಂದರೆ ಉತ್ತರದ ಮೂರು ಮಗ್ಗುಲುಗಳು ಕಾಣುತ್ತವೆ.

ಗೋಕಾಕ: ವಿಳಾಸ ಯಾರದು?

ಗೋಕಾಕ ಎಂದೊಡನೆ ಪರಊರಿನವರ ಬಾಯಲ್ಲಿ ಕರದಂಟಿನ ರುಚಿ. ಕರಿದ ಅಂಟು, ಬೆಲ್ಲ, ಉತ್ತತ್ತಿ, ಗೋಡಂಬಿ ಸೇರಿದ ಈ ಸಿಹಿ, ಡಬ್ಬಿಗಳಲ್ಲಿ ಕೂತು ದೂರದೂರಿಗೆ ಹೋಗುತ್ತದೆ. ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಬಳಿದ ಹಣ್ಣು, ಕಾಯಿ, ಗೊಂಬೆಗಳಿಗೂ ಊರು ಹೆಸರುವಾಸಿ. ಇವುಗಳ ಜೊತೆಗೆ ಈಗ ಪೇಟೆಯಲ್ಲಿ ಇನ್ನೊಂದು ಬಗೆಯ ಅಂಗಡಿ ಕಾಣುತ್ತದೆ. ‘ಇಲ್ಲಿ ಎಲ್ಲಾ ಆನ್‌ಲೈನ್ ಅರ್ಜಿ ತುಂಬಲಾಗುವುದು’ ಎಂಬ ಫಲಕ, ಒಳಗೆ ಒಂದೆರಡು ಕಂಪ್ಯೂಟರು, ಹೊರಗೆ ಕಾಗದಪತ್ರ ಹಿಡಿದ ಸಾಲು. ಪ್ರವೇಶದ ದಿನಗಳಲ್ಲಿ ಇಂಥ ಯಾವ ಅಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳಬಹುದಾದ ಮಾತು ಇದು:

“ತಂಗಿ, ಇ-ಮೇಲ್ ಐಡಿ ಹೇಳವ್ವಾ.”

“ನಂದು ಇಲ್ರಿ ಅಣ್ಣಾ.”

“ಇರ್ಲಿ ಬಿಡು, ನಮ್ಮ ಅಂಗಡೀದ ಹಾಕತೀನಿ.”

ಅಂಗಡಿಯವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಹಿಂದೆ ಸಾಲು ಬೆಳೆಯುತ್ತಿದೆ, ಹುಡುಗಿಯ ಕೆಲಸ ಬೇಗ ಮುಗಿಯಲಿ ಎಂಬುದಷ್ಟೇ ಅವನ ಆತುರ. ಆದರೆ ಆ ಒಂದು ಸಾಲಿನಿಂದ ಏನಾಯಿತು ನೋಡಿ. ಸಿಇಟಿಯಾಗಲಿ, ನೀಟ್ ಆಗಲಿ, ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಮೊಬೈಲ್ ಸಂಖ್ಯೆಯ ಜೊತೆಗೆ ಇ-ಮೇಲ್ ವಿಳಾಸವನ್ನೂ ಕೇಳುವುದು ಸುಮ್ಮನೆ ಅಲ್ಲ. ಅರ್ಜಿಯಲ್ಲಿ ತಪ್ಪಿದ್ದರೆ ತಿದ್ದಲು, ದಾಖಲೆ ಸಾಲದಿದ್ದರೆ ಕೇಳಲು, ಗುಪ್ತಪದ ಮರೆತರೆ ಹೊಸದು ಕೊಡಲು ಪತ್ರ ಬರುವುದು ಆ ವಿಳಾಸಕ್ಕೆ. ನೂರಾರು ಜನರ ಅರ್ಜಿ ತುಂಬಿದ ಅಂಗಡಿಯ ಟಪಾಲುಪೆಟ್ಟಿಗೆಯಲ್ಲಿ ಆ ಹುಡುಗಿಯ ಪತ್ರ ನೂರರಲ್ಲಿ ಒಂದಾಗಿ ಬಿದ್ದಿರುತ್ತದೆ. ತಿದ್ದುಪಡಿಯ ಕೊನೆಯ ದಿನಾಂಕ ದಾಟಿದ ಮೇಲೆ ಅದು ಕಣ್ಣಿಗೆ ಬಿದ್ದರೆ ಒಂದು ವರ್ಷದ ವಿದ್ಯಾರ್ಥಿವೇತನ ಹೋಯಿತೆಂದೇ ಲೆಕ್ಕ. ಕಬ್ಬು ಕಡಿಯುವ ಮನೆಯಲ್ಲಿ ಆ ಹಣವೆಂದರೆ ಮಗಳು ಕಾಲೇಜಿಗೆ ಹೋಗುವುದೋ ಮನೆಯಲ್ಲಿ ಉಳಿಯುವುದೋ ಎಂಬ ತೀರ್ಮಾನ. ವಿಚಿತ್ರವೆಂದರೆ ಅದೇ ಹುಡುಗಿಯ ಚೀಲದಲ್ಲಿ ಟ್ಯಾಬ್ ಇರಲೂಬಹುದು. ಅದರಲ್ಲಿ ಸಿನಿಮಾ ನೋಡುವುದು ಅವಳಿಗೆ ಗೊತ್ತು, ಪತ್ರ ತೆರೆಯುವುದು ಗೊತ್ತಿಲ್ಲ.

ಸ್ವಂತ ವಿಳಾಸ ಮಾಡಿಕೊಳ್ಳಲು ಹಣ ಬೇಡ, ಹತ್ತು ನಿಮಿಷ ಸಾಕು. ಒಂದೆರಡು ಎಚ್ಚರಿಕೆ ಮಾತ್ರ ಬೇಕು. ವಿಳಾಸದಲ್ಲಿ ಅಡ್ಡಹೆಸರು, ಸಿನಿಮಾ ನಟರ ಹೆಸರು ಬೇಡ. ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅದೇ ವಿಳಾಸ ಬೇಕಾಗುತ್ತದೆ. ಮರೆತಾಗ ನೆರವಿಗೆ ಬರಲೆಂದು ಕೊಡುವ ಮೊಬೈಲ್ ಸಂಖ್ಯೆ ಮನೆಯಲ್ಲಿ ಕಾಯಂ ಆಗಿ ಉಳಿಯುವಂಥದ್ದಿರಬೇಕು. ಬಳಸದೆ ಬಿಟ್ಟ ಸಿಮ್‌ನ ಸಂಖ್ಯೆ ಕೆಲ ತಿಂಗಳ ನಂತರ ಬೇರೆಯವರ ಪಾಲಾಗುತ್ತದೆ. ಆಗ ನಮ್ಮ ಮನೆಯ ಕೀಲಿ ಅವರ ಕೈಗೆ ಹೋದಂತೆ. ಎರಡು ವರ್ಷ ತೆರೆಯದ ಖಾತೆಯನ್ನು ಅಳಿಸಬಹುದೆಂದು ಗೂಗಲ್ ಕಂಪನಿ 2023ರಲ್ಲಿ ಪ್ರಕಟಿಸಿದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಪೆಟ್ಟಿಗೆ ತೆರೆದು ನೋಡುವ ರೂಢಿ ಒಳ್ಳೆಯದು.

ಗೋಕಾಕದವರಿಗೆ ಈ ಮಾತನ್ನು ನೀರೇ ಕಲಿಸಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಪಟ್ಟಣದೊಳಗೇ ಪ್ರವಾಹ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರು ತಿರುಗಿ ಬಂದಾಗ ಟ್ರಂಕಿನಲ್ಲಿದ್ದ ಅಂಕಪಟ್ಟಿ, ವರ್ಗಾವಣೆ ಪತ್ರಗಳು ಕೆಸರಿನ ಮುದ್ದೆ. ಇ-ಮೇಲಿನ ಗುಣ ಇರುವುದು ಇಲ್ಲಿ. ಪತ್ರ ಟ್ಯಾಬ್‌ನೊಳಗೆ ಇರುವುದಿಲ್ಲ. ದೂರದ ಸರ್ವರ್ ಎಂಬ ದೊಡ್ಡ ಗಣಕದಲ್ಲಿರುತ್ತದೆ. ಟ್ಯಾಬ್ ಅದನ್ನು ನೋಡುವ ಕಿಟಕಿ. ಕಿಟಕಿಯ ಗಾಜು ಒಡೆದರೂ, ನೀರಲ್ಲಿ ತೇಲಿಹೋದರೂ ಬೇರೊಂದು ಕಿಟಕಿಯಿಂದ ಅದೇ ಪತ್ರ ನೋಡಬಹುದು. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್ ಕೂಡ ಇದೇ ತತ್ವದ್ದು. ಅಂಕಪಟ್ಟಿಯ ಪ್ರತಿಯೊಂದನ್ನು ಅಲ್ಲಿಟ್ಟು, ಇನ್ನೊಂದನ್ನು ತನ್ನದೇ ವಿಳಾಸಕ್ಕೆ ತಾನೇ ಮೇಲ್ ಮಾಡಿಕೊಂಡರೆ ಮುಂದಿನ ಮಳೆಗಾಲಕ್ಕೆ ಅಷ್ಟು ಹೆದರಬೇಕಿಲ್ಲ.

ಮೂಡಲಗಿ: ಲಿಪಿ ಯಾವುದು?

ಘಟಪ್ರಭೆಯನ್ನು ದಾಟಿ ಉತ್ತರಕ್ಕೆ ಹೊರಟರೆ ಎರಡೂ ಕಡೆ ಕಬ್ಬು, ಗೋವಿನಜೋಳ, ಅಲ್ಲಲ್ಲಿ ಅರಿಷಿಣ. ಶಿವಬೋಧರಂಗ ಮಠದ ಊರು ಮೂಡಲಗಿ. ಅಲ್ಲಿಯ ದನದ ಪೇಟೆಯೂ ಹೆಸರಾದದ್ದು. ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೇಲೆ ಇಲ್ಲಿಗೂ ಕಚೇರಿಗಳು ಬಂದವು, ಅವುಗಳ ಹಿಂದೆ ಟಪಾಲೂ ಬಂತು.

ಈ ಭಾಗದ ಹಳೆಯ ಶಾಲೆ, ಕಚೇರಿಗಳಲ್ಲಿ ‘ಆವಕ’, ‘ಜಾವಕ’ ಎಂಬ ಎರಡು ದಪ್ಪ ರಿಜಿಸ್ಟರುಗಳನ್ನು ಕಾಣದವರಿಲ್ಲ. ಬಂದ ಪತ್ರ ಆವಕ, ಹೋದ ಪತ್ರ ಜಾವಕ. ಮುಂಬಯಿ ಪ್ರಾಂತದ ಕಾಲದಿಂದ ಉಳಿದುಬಂದ ಮಾತುಗಳಿವು. ಇ-ಮೇಲಿನ ‘ಇನ್‌ಬಾಕ್ಸ್’, ‘ಸೆಂಟ್’ ಎಂಬ ಖಾನೆಗಳು ಇವೇ ಎರಡು ರಿಜಿಸ್ಟರುಗಳು. ದಿನಾಂಕ, ಗಂಟೆ, ನಿಮಿಷ ತಾನಾಗಿ ನಮೂದಾಗುತ್ತದೆ. ‘ಪತ್ರ ಬಂದಿಲ್ಲ’ ಎನ್ನಲು ಆಸ್ಪದ ಕಡಿಮೆ. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಸಂದೇಶ ಕಳಿಸಿದರು. ಹೆಸರಿಗೂ ಗಣಕಕ್ಕೂ ನಡುವೆ ನಾವು ಇಂದು ‘ಅಟ್’ ಎಂದು ಓದುವ ಗುರುತನ್ನು ಹಾಕಿದವರೂ ಅವರೇ.

ಮಕ್ಕಳಿಗೆ ಇ-ಮೇಲ್ ಕಲಿಸಲು ಬೇರೆ ಪಾಠವೇ ಬೇಡ. ಕನ್ನಡ ವ್ಯಾಕರಣದ ಅವಧಿಯಲ್ಲಿ ಕಲಿಸುವ ಪತ್ರಲೇಖನ ಸಾಕು. ‘ಇವರಿಗೆ’, ‘ವಿಷಯ’, ‘ಮಾನ್ಯರೇ’, ನಾಲ್ಕು ಸಾಲಿನ ಒಕ್ಕಣೆ, ‘ತಮ್ಮ ವಿಶ್ವಾಸಿ’, ಹೆಸರು. ಇದೇ ಕ್ರಮ ಅಲ್ಲೂ ಇದೆ. ವಿಷಯದ ಜಾಗ ಖಾಲಿ ಬಿಟ್ಟು, ಒಕ್ಕಣೆ ಇಲ್ಲದೆ, ಫೋಟೋ ಒಂದನ್ನೇ ಅಂಟಿಸಿ ಕಳಿಸುವವರು ಬಹಳ. ದಿನಕ್ಕೆ ನೂರು ಪತ್ರ ನೋಡುವ ಗುಮಾಸ್ತ ಅದನ್ನು ತೆರೆಯದೆ ಬಿಟ್ಟರೆ ಅವನನ್ನು ದೂರುವುದು ಹೇಗೆ? ಲಗತ್ತುಗಳ ತೂಕವೂ ಗೊತ್ತಿರಬೇಕು. ಜಿಮೇಲ್‌ನಲ್ಲಿ ಒಂದು ಪತ್ರದ ಜೊತೆ 25 ಎಂಬಿಗಿಂತ ಹೆಚ್ಚು ಲಗತ್ತಿಸಲಾಗದು. ಕ್ಯಾಮೆರಾದಲ್ಲಿ ತೆಗೆದ ಒಂದೊಂದು ಪುಟವೂ ನಾಲ್ಕೈದು ಎಂಬಿ ತೂಗಬಹುದು. ಅದನ್ನೇ ಟ್ಯಾಬ್‌ನ ಸ್ಕ್ಯಾನ್ ಸೌಲಭ್ಯದಿಂದ ಪಿಡಿಎಫ್ ಮಾಡಿದರೆ ಹಗುರಾಗುತ್ತದೆ, ಓದಲೂ ಸ್ಪಷ್ಟ.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಬೆರಳಚ್ಚಾದ ಕನ್ನಡ ಪತ್ರವನ್ನು ಟ್ಯಾಬ್‌ನಲ್ಲಿ ತೆರೆದರೆ ಒಮ್ಮೊಮ್ಮೆ ಕನ್ನಡವೇ ಇರುವುದಿಲ್ಲ; ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಸಂತೆ. ಟ್ಯಾಬ್ ಕೆಟ್ಟಿದೆ ಎಂದು ಹಲವರು ಅಂಗಡಿಗೆ ಓಡುತ್ತಾರೆ. ಕೆಟ್ಟಿರುವುದು ಟ್ಯಾಬ್ ಅಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರಶೈಲಿಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಲಾಗಿತ್ತು. ಆ ಕಾಲಕ್ಕೆ ಅದೇ ಉಪಾಯ. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಹಿಂದಿನ ಇಂಗ್ಲಿಷ್ ಮಾತ್ರ ಕಾಣುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ಸ್ಥಾನಗಳನ್ನು ಮೀಸಲಿಡಲಾಗಿದೆ. ‘ಕ’ ಅಕ್ಷರದ ಸಂಖ್ಯೆ 3221. ಮೂಡಲಗಿಯ ಟ್ಯಾಬ್‌ನಲ್ಲೂ ಅಷ್ಟೇ, ಜಪಾನಿನ ಕಂಪ್ಯೂಟರಿನಲ್ಲೂ ಅಷ್ಟೇ. ಹಳೆಯ ಪತ್ರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಕಳಿಸುವವರು ಪಿಡಿಎಫ್ ಮಾಡಿ ಕಳಿಸಿದರೂ ಅಕ್ಷರ ಕೆಡುವುದಿಲ್ಲ.

ಗೋಕಾಕ ಎಂಬ ಹೆಸರಿಗೆ ಕನ್ನಡದೊಡನೆ ಒಂದು ನಂಟಿದೆ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತು ವರದಿ ಕೊಟ್ಟವರು ವಿ.ಕೃ. ಗೋಕಾಕ, ಅವರು ಹುಟ್ಟಿದ್ದು ಸವಣೂರಿನಲ್ಲಾದರೂ ಮನೆತನದ ಹೆಸರು ಈ ಊರಿನದು. ಆ ವರದಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು. ಆ ಹೋರಾಟ ಕಂಡ ನಾಡಿನ ಮಕ್ಕಳು ಇಂದು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ‘ಕನ್ನಡ ಟೈಪ್ ಮಾಡೂದು ಕಷ್ಟರಿ’ ಎಂಬುದು ಅವರ ಉತ್ತರ. ಟ್ಯಾಬ್‌ನಲ್ಲಿ ಅದು ಕಷ್ಟವಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಕನ್ನಡ ಕೀಲಿಮಣೆ ಆರಿಸಿಕೊಂಡರೆ ಅಕ್ಷರಗಳು ಗಾಜಿನ ಮೇಲೇ ಮೂಡುತ್ತವೆ. ಬೆರಳಿನಿಂದ ಪಾಟಿಯ ಮೇಲೆ ಬರೆದಂತೆ ಬರೆದರೂ, ಬಾಯಲ್ಲಿ ಹೇಳಿದರೂ ಅದನ್ನು ಅಕ್ಷರವಾಗಿಸುವ ಸೌಲಭ್ಯಗಳಿವೆ. ಓದಲು ಬಾರದ ಅಜ್ಜಿಯೂ ಮೊಮ್ಮಗನಿಗೆ ಪತ್ರ ಹೇಳಿ ಬರೆಸಬಹುದು.

ರೈತರಿಗೂ ಇದರಿಂದ ಉಪಯೋಗವಿದೆ. ಸಮೀಪದ ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅರಿಷಿಣದ ಎಲೆಯ ಮೇಲೆ ಚುಕ್ಕೆ ಬಿದ್ದರೆ ಮೊದಲು ಎಲೆ ಕಿತ್ತು ಚೀಲದಲ್ಲಿಟ್ಟು ತಜ್ಞರನ್ನು ಹುಡುಕಿ ಹೋಗಬೇಕಿತ್ತು. ಹೋಗಿ ಮುಟ್ಟುವಷ್ಟರಲ್ಲಿ ಎಲೆ ಬಾಡಿರುತ್ತಿತ್ತು. ಈಗ ಬೆಳಗಿನ ಬೆಳಕಿನಲ್ಲಿ ಎಲೆಯ ಎರಡೂ ಬದಿಯ ಚಿತ್ರ ತೆಗೆದು, ಬಿತ್ತಿದ ದಿನ, ನೀರು ಬಿಟ್ಟ ದಿನ, ಸಿಂಪಡಿಸಿದ ಔಷಧಿ ಇಷ್ಟನ್ನು ಬರೆದು ಕಳಿಸಬಹುದು. ಚಿತ್ರಕ್ಕಿಂತ ಈ ಮೂರು ಸಾಲಿನ ವಿವರವೇ ತಜ್ಞರಿಗೆ ಹೆಚ್ಚು ಬೇಕು. ಅದನ್ನು ಅಪ್ಪ ಹೇಳಬೇಕು, ಮಗಳು ಬರೆಯಬೇಕು. ವಿಜ್ಞಾನ ಪಾಠದ ‘ವೀಕ್ಷಣೆ’ ಎಂದರೆ ಇದಕ್ಕಿಂತ ಬೇರೆಯಲ್ಲ.

ಹುಕ್ಕೇರಿ: ಬೆಳಕು ಎಷ್ಟು, ಸರದಿ ಯಾರದು?

ಹುಕ್ಕೇರಿಯಲ್ಲಿ ಪ್ರವಾಸಿಯನ್ನು ಮೊದಲು ಸ್ವಾಗತಿಸುವುದು ಆದಿಲಶಾಹಿ ಕಾಲದ ಗುಮ್ಮಟಗಳು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಹಿಡಕಲ್ ಜಲಾಶಯ ಇದೇ ತಾಲ್ಲೂಕಿನದು. ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿಯೂ ಇಲ್ಲಿಯದೇ. ಆದರೆ ಹುಕ್ಕೇರಿಯ ನಿಜವಾದ ವಿಶೇಷ ಕಣ್ಣಿಗೆ ಕಾಣದಂಥದು. ಅದು ತಂತಿಯಲ್ಲಿ ಹರಿಯುತ್ತದೆ. 1969ರಲ್ಲಿ ಸ್ಥಾಪನೆಯಾದ ಇಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಯೋಗವೆಂದು ಮೊದಲಿಗೆ ಆರಂಭಿಸಿದ ಐದು ಸಂಘಗಳಲ್ಲಿ ಒಂದು. ಕರ್ನಾಟಕದಲ್ಲಿ ಹೀಗೆ ವಿದ್ಯುತ್ ಹಂಚುವ ಸಹಕಾರಿ ಸಂಘ ಇದೊಂದೇ. ಕರೆಂಟಿನ ಗಿರಾಕಿಗಳೇ ಸಂಘದ ಸದಸ್ಯರು.

ಟ್ಯಾಬ್‌ನ ಹೊಟ್ಟೆಗೆ ಎಷ್ಟು ಕರೆಂಟು ಬೇಕು? ಶಾಲೆಯ ಮಕ್ಕಳೇ ಲೆಕ್ಕ ಮಾಡಬಹುದು. ಬ್ಯಾಟರಿಯ ಮೇಲೆ 7000 ಮಿಲಿಆಂಪಿಯರ್-ಗಂಟೆ ಎಂದು ಬರೆದಿದೆ ಎನ್ನೋಣ. ಅದೆಂದರೆ 7 ಆಂಪಿಯರ್-ಗಂಟೆ. ಲಿಥಿಯಂ ಅಯಾನ್ ಕೋಶದ ವಿಭವ ಸುಮಾರು 3.7 ವೋಲ್ಟ್. ಎರಡನ್ನೂ ಗುಣಿಸಿದರೆ ಸುಮಾರು 26 ವ್ಯಾಟ್-ಗಂಟೆ. ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಚಾರ್ಜರಿನಲ್ಲಿ ಬಿಸಿಯಾಗಿ ಪೋಲಾಗುವುದನ್ನು ಕಳೆದರೂ ಒಂದು ಯೂನಿಟ್ಟಿನಲ್ಲಿ ಸುಮಾರು ಮೂವತ್ತು ಸಲ ಟ್ಯಾಬ್ ತುಂಬಿಸಬಹುದು. ಕರೆಂಟ್ ಹೋದ ರಾತ್ರಿಯಲ್ಲೂ ಕಂಪ್ಯೂಟರಿನಂತೆ ಥಟ್ಟನೆ ಕಣ್ಣು ಮುಚ್ಚುವುದಿಲ್ಲ. ಹಳ್ಳಿಯ ಮನೆಗೆ ಟ್ಯಾಬ್ ಒಗ್ಗಿರುವುದಕ್ಕೆ ಇದೂ ಒಂದು ಕಾರಣ.

ಬೆರಳು ಮುಟ್ಟಿದರೆ ಅದಕ್ಕೆ ತಿಳಿಯುವುದು ಹೇಗೆಂಬುದೂ ಮಕ್ಕಳ ಪ್ರಶ್ನೆಯೇ. ಗಾಜಿನ ಅಡಿ, ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ವಾಹಕದ ಜಾಲ ಹಾಸಿರುತ್ತಾರೆ. ನಮ್ಮ ದೇಹವೂ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣಶಕ್ತಿ ಬದಲಾಗುತ್ತದೆ. ಒಳಗಿನ ಗಣಕ ಸ್ಥಳವನ್ನು ಲೆಕ್ಕ ಹಾಕುತ್ತದೆ. ಉಗುರಿನಿಂದ ಕುಕ್ಕಿದರೆ ಅದು ಕೇಳದಿರುವುದು, ಒದ್ದೆ ಕೈಯಿಂದ ಮುಟ್ಟಿದರೆ ಅಡ್ಡಾದಿಡ್ಡಿ ಓಡುವುದು ಇದೇ ಕಾರಣಕ್ಕೆ. ಹಾಲು ಕರೆದು ಬಂದ ಕೈಯನ್ನು ಒರೆಸಿಕೊಂಡು ಮುಟ್ಟಿರೆಂದು ಹೇಳುವುದು ಬರೀ ಶಿಸ್ತಲ್ಲ, ವಿಜ್ಞಾನ.

ಟ್ಯಾಬ್‌ಗೆ ಮಿತಿಗಳೂ ಉಂಟು. ಹತ್ತು ಪುಟದ ಪ್ರಬಂಧ, ಅಗಲವಾದ ಲೆಕ್ಕದ ಹಾಳೆ ಇವಕ್ಕೆ ಅದು ತಕ್ಕದ್ದಲ್ಲ. ಗಾಜಿನ ಕೀಲಿಮಣೆ ಅರ್ಧ ಪರದೆಯನ್ನೇ ನುಂಗುತ್ತದೆ. ಹೊರಗಿನಿಂದ ಜೋಡಿಸುವ ಕೀಲಿಮಣೆ ಇದ್ದರೆ ಕೆಲಸ ಸಲೀಸು. ಪತ್ರ ಓದಿ ಉತ್ತರಿಸುವುದು, ಅರ್ಜಿ ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಸ್ತ್ರೀಶಕ್ತಿ ಸಂಘದ ಲೆಕ್ಕ ಇಡುವುದು, ಪಠ್ಯ ಓದುವುದು ಇವಕ್ಕೆ ಅದು ಹೇಳಿ ಮಾಡಿಸಿದ್ದು. ಮೋಸದ ಪತ್ರಗಳೂ ಇದೇ ದಾರಿಯಲ್ಲಿ ಬರುತ್ತವೆ. ‘ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ’ ಎಂದರೆ ಹೇಳಕೂಡದು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಮನೆಗೊಂದೇ ಟ್ಯಾಬ್ ಇದ್ದಾಗ ಜಗಳ ಸಹಜ. ಅಣ್ಣನಿಗೆ ಆಟ, ತಂಗಿಗೆ ಪಾಠ, ಅಪ್ಪನಿಗೆ ಕಬ್ಬಿನ ಬಿಲ್ಲು. ಬಹಳ ಕಡೆ ಗೆಲ್ಲುವವನು ಅಣ್ಣ. ಇಲ್ಲಿ ಹುಕ್ಕೇರಿಯ ಸಂಘದ ಪಾಠ ನೆನಪಾಗುತ್ತದೆ. ಒಬ್ಬನ ಮನೆಗೆ ಸಾಲದ್ದನ್ನು ಎಲ್ಲರೂ ಸದಸ್ಯರಾಗಿ ಹಂಚಿಕೊಳ್ಳುವುದೇ ಸಹಕಾರ. ಹೆಚ್ಚಿನ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಬಳಕೆದಾರರ ಖಾತೆ ತೆರೆಯಬಹುದು. ಗೋಡೆಯ ಮೇಲೆ ಸರದಿಯ ಪಟ್ಟಿ ಬರೆದು ಹಚ್ಚಿ, ಮಗಳ ಸರದಿಗೂ ಮಗನ ಸರದಿಗೂ ಒಂದೇ ಅಳತೆ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಸಂಜೆ ಹುಕ್ಕೇರಿಯ ಗುಮ್ಮಟಗಳ ಮೇಲೆ ಬಿಸಿಲು ಕರಗುವ ಹೊತ್ತಿಗೆ ಊರಿನ ಮನೆಗಳಲ್ಲಿ ದೀಪ ಹೊತ್ತಿಕೊಳ್ಳುತ್ತವೆ. ಎಷ್ಟೋ ಕಿಟಕಿಗಳಲ್ಲಿ ನೀಲಿ ಬೆಳಕೂ ಕಾಣುತ್ತದೆ. ಅದು ಸಿನಿಮಾದ ಬೆಳಕೋ ಪತ್ರದ ಬೆಳಕೋ ಹೊರಗಿನವರಿಗೆ ತಿಳಿಯುವುದಿಲ್ಲ, ಮನೆಯವರಿಗೆ ತಿಳಿದಿರಬೇಕು. ಹಿಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಳಪ ಹಿಡಿದ ಪುಟ್ಟ ಕೈಯ ಮೇಲೆ ತಮ್ಮ ಕೈಯಿಟ್ಟು ಹಿರಿಯರು ಪಾಟಿಯ ಮೇಲೆ ಮೊದಲ ಅಕ್ಷರ ತಿದ್ದಿಸುತ್ತಿದ್ದರು. ಗಾಜಿನ ಪಾಟಿಗೂ ಅಂಥದೊಂದು ದಿನ ಬೇಕು. ಬರುವ ರವಿವಾರ ಅಪ್ಪ, ಅವ್ವ, ಮಕ್ಕಳು ಕೂಡಿ ಕುಳಿತು ಮಗಳ ಹೆಸರಿನಲ್ಲಿ ಒಂದು ವಿಳಾಸ ಮಾಡಲಿ. ಅವಳ ಮೊದಲ ಜಾವಕ ಪತ್ರ ಕನ್ನಡದಲ್ಲಿ, ಅವಳದೇ ವಿಳಾಸಕ್ಕೆ, ಅವಳ ಅಂಕಪಟ್ಟಿಯೊಡನೆ ಹೋಗಲಿ. ಮರುಕ್ಷಣವೇ ಅದು ಅವಳ ಆವಕಕ್ಕೆ ಬಂದು ಬೀಳುತ್ತದೆ. ಆಮೇಲೆ ಯಾವ ಅಂಗಡಿಯಲ್ಲಿ ಯಾರು ಕೇಳಿದರೂ ಅವಳು ತಡವರಿಸದೆ ಹೇಳಬಹುದು: “ಬರಕೋರಿ ಅಣ್ಣಾ, ನಂದs ಐತಿ.”